ಜಠರದ ಶುರುವಿನ ಕ್ಯಾನ್ಸರ್: ಮಾಮೂಲಿ ಎಂಡೋಸ್ಕೋಪಿ ಸಾಕಾ, ಇಯುಎಸ್ ಬೇಕಾ?

ಕೋಲಾರದ ಗೆಳೆಯರೊಬ್ಬರ ಪ್ರಶ್ನೆ: ಅಪ್ಪನ ಬಯಾಪ್ಸಿಯಲ್ಲಿ ಶುರುವಿನ ಕ್ಯಾನ್ಸರ್ ಬಂದಿದೆ. ಗಡ್ಡೆ ಎಷ್ಟು ಆಳಕ್ಕಿಳಿದಿದೆ ಅಂತ ನೋಡಲು ಬೆಂಗಳೂರಿಗೆ ಹೋಗಿ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್, ಅಂದ್ರೆ ಇಯುಎಸ್ (ಎಂಡೋಸ್ಕೋಪಿ ಕೊಳವೆಯ ತುದಿಯಿಂದ ಒಳಗಿನಿಂದಲೇ ಮಾಡುವ ಸ್ಕ್ಯಾನ್), ಮಾಡಿಸಬೇಕಾ?

ಗಡ್ಡೆ ಒಳಪದರದಲ್ಲೇ ಇದ್ದರೆ, ಅದರ ಗಾತ್ರ ಮತ್ತು ಬಗೆ ನೋಡಿಕೊಂಡು ಎಂಡೋಸ್ಕೋಪಿಯಲ್ಲೇ ತೆಗೆಯಬಹುದು. ಅದರಡಿಯ ಪದರಕ್ಕೆ ಅರ್ಧ ಮಿಲಿಮೀಟರಿಗಿಂತ ಜಾಸ್ತಿ ಇಳಿದಿದ್ದರೆ ಸಾಮಾನ್ಯವಾಗಿ ಆಪರೇಷನ್. ಆಳದ ತಲೆನೋವು ಅದಕ್ಕೇ.

ಇಯುಎಸ್‌ನಲ್ಲಿ ಜಠರದ ಗೋಡೆ ಐದು ಪಟ್ಟಿಗಳಾಗಿ ಕಾಣುತ್ತದೆ. ಮೂರನೆಯ ಪಟ್ಟಿ, ಅಂದ್ರೆ ಒಳಪದರದಡಿಯ ಆ ಪದರ, ಬಿಳಿಯಾಗಿ ಕಾಣುತ್ತದೆ; ಅದು ಕೆಟ್ಟಿದೆಯಾ ಅಂತ ನೋಡುತ್ತಾರೆ. ಆದರೆ ಹುಣ್ಣಿನ ಕಲೆ ಇದ್ದರೆ ಅದೂ ಗಡ್ಡೆಯಂತೆ ಕಂಡು, ಇರುವುದಕ್ಕಿಂತ ಜಾಸ್ತಿ ಆಳ ತೋರಿಸಿಬಿಡಬಹುದು. ಸುಮ್ನೆ ಹೊಟ್ಟೆ ಕುಯ್ಯಿಸಿಕೊಂಡಂತಾಗುತ್ತದೆ, ಅಲ್ವಾ?

ಮಾಮೂಲಿ ಎಂಡೋಸ್ಕೋಪಿ ಅಗ್ಗ, ಹತ್ತಿರದಲ್ಲೇ ಆಗುತ್ತದೆ. ಮಡಿಕೆಗಳು ಕೂಡಿಕೊಂಡಿವೆಯಾ, ಗಾಳಿ ತುಂಬಿದರೂ ಆ ಜಾಗ ಬಿರುಸಾಗೇ ಇದೆಯಾ ಅಂತ ನೋಡಿ, ಗಡ್ಡೆ ಆಳಕ್ಕಿಳಿದಿದೆಯಾ ಎಂದು ಪಳಗಿದ ಡಾಕ್ಟರ್ ಗುರುತಿಸುತ್ತಾರೆ. ಹಲವು ಅಧ್ಯಯನಗಳಲ್ಲಿ ಈ ಕಣ್ಣಂದಾಜು ಇಯುಎಸ್‌ಗೆ ಸರಿಸಮವಾಗಿದೆ.

ಸಿ.ಟಿ.ಗೆ ಇಷ್ಟು ಸಣ್ಣ ಆಳ ಸಿಗುವುದಿಲ್ಲ. ಲಿವರ್‌ಗೆ, ದೂರದ ಗಂಟುಗಳಿಗೆ (ಲಿಂಫ್ ನೋಡ್) ಹರಡಿದೆಯಾ ಅಂತ ನೋಡಲು ಅದು ಬೇಕು.

ಚಿಕ್ಕದು, ಚಪ್ಪಟೆ, ಹುಣ್ಣಿಲ್ಲ ಅಂದರೆ ಇಯುಎಸ್‌ಗಾಗಿಯೇ ಓಡಾಡುವುದು ಬೇಡ ಅನ್ನಿಸುತ್ತದೆ. ಡಾಕ್ಟರಿಗೇ ಆಳದ ಬಗ್ಗೆ ಅನುಮಾನವಿದ್ದರೆ, ಪಕ್ಕದ ಗಂಟು ಊದಿದ್ದರೆ ಮಾಡಿಸಿ. ತೆಗೆದ ತುಂಡಿನ ಪೆಥಾಲಜಿ ರಿಪೋರ್ಟ್ ಬರುವವರೆಗೆ ಎರಡೂ ಅಂದಾಜೇ.