ಟ್ರ್ಯಾಕಿಗೆಂದು ಅಗ್ಗದ ಹಳೆಯ ಹ್ಯಾಚ್‌ಬ್ಯಾಕ್ ಕೊಳ್ಳುವವರು ಮೊದಲು ಕಾರಿನ ಕೆಳಗೆ ನೋಡಿ

ರೇಸ್ ಟ್ರ್ಯಾಕಿನಲ್ಲಿ ಓಡಿಸುವುದಕ್ಕೆಂದೇ ಅಗ್ಗದ ಹಳೆಯ ಹ್ಯಾಚ್‌ಬ್ಯಾಕ್ ಒಂದನ್ನು ಕೊಂಡು ಸಜ್ಜುಗೊಳಿಸಬೇಕೆಂದಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಂಥ ಕಾರನ್ನು ನೋಡಲು ಹೋದವರು ಸಾಮಾನ್ಯವಾಗಿ ಮೊದಲು ಬಾನೆಟ್ ಎತ್ತಿಸುತ್ತಾರೆ, ಎಂಜಿನ್ನಿನ ಸದ್ದು ಕೇಳುತ್ತಾರೆ, ಒಂದು ಸುತ್ತು ಓಡಿಸಿ ಪಿಕಪ್ ಹೇಗಿದೆಯೆಂದು ನೋಡುತ್ತಾರೆ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಆದ್ದರಿಂದ ಅವರು ಖರ್ಚನ್ನೂ ಶ್ರಮವನ್ನೂ ಅಲ್ಲಿಯೇ ಹಾಕಿರುತ್ತಾರೆ. ಆದರೆ ಎಂಜಿನ್, ಗೇರ್‌ಬಾಕ್ಸ್, ಬ್ರೇಕ್, ಸಸ್ಪೆನ್ಷನ್ ಇವೆಲ್ಲ ಬೋಲ್ಟ್ ಬಿಚ್ಚಿ ಬದಲಾಯಿಸಬಹುದಾದ ಭಾಗಗಳು, ಬಾಡಿ ಹಾಗಲ್ಲ. ನನಗೆ ಮಾರಿದ ಕಾರಿನಲ್ಲಿ ಬದಲಾಯಿಸಲು ಬರುವಂಥದ್ದೆಲ್ಲ ಹೊಳೆಯುತ್ತಿತ್ತು, ಬದಲಾಯಿಸಲು ಬಾರದ ಬಾಡಿ ತುಕ್ಕಿನಿಂದ ಟೊಳ್ಳಾಗಿತ್ತು.

ಆ ಕಾರನ್ನು 'ಟ್ರ್ಯಾಕಿಗೆ ಸಿದ್ಧ' ಎಂದೇ ಮಾರಾಟಕ್ಕೆ ಇಡಲಾಗಿತ್ತು. ಹಿಂದಿನ ಸೀಟು, ಛಾವಣಿಯ ಬಟ್ಟೆ, ಸ್ಟೀರಿಯೊ ಎಲ್ಲವನ್ನೂ ತೆಗೆದು ತೂಕ ಇಳಿಸಿದ್ದರು. ಮುಂದೆ ಒಂದು ಬಕೆಟ್ ಸೀಟು, ಕೆಳಗಿಳಿಸಿದ ಸಸ್ಪೆನ್ಷನ್, ಹೊಸ ಸೈಲೆನ್ಸರ್ ಇದ್ದವು. ನನ್ನ ಜೊತೆ ಬಂದಿದ್ದ ಮೆಕ್ಯಾನಿಕ್ ಎಂಜಿನ್ನಿನ ಕಂಪ್ರೆಷನ್ ಅಳೆದರು. ನಾಲ್ಕೂ ಸಿಲಿಂಡರ್‌ಗಳ ಒತ್ತಡ ಹತ್ತಿರ ಹತ್ತಿರವಿತ್ತು, ಆಯಿಲ್ ಮುಚ್ಚಳದ ಒಳಗೆ ಕೂಲೆಂಟ್ ಬೆರೆತ ಬಿಳಿ ನೊರೆ ಇರಲಿಲ್ಲ, ಟೈಮಿಂಗ್ ಬೆಲ್ಟ್ ಹೊಸದಾಗಿತ್ತು. ಕಾರಿನ ತಳಕ್ಕೆಲ್ಲ ಕಪ್ಪು ಅಂಡರ್‌ಕೋಟಿಂಗ್ ಹೊಡೆಸಿದ್ದರು. ಮಾರುತ್ತಿದ್ದವರು ಅದನ್ನು ಕಾರಿನ ಹೆಚ್ಚುಗಾರಿಕೆಯೆಂದೇ ಹೇಳಿಕೊಂಡರು: "ಟ್ರ್ಯಾಕಲ್ಲಿ ಕಲ್ಲು ಸಿಡಿಯುತ್ತದೆ ನೋಡಿ, ಅದಕ್ಕೇ ಕೆಳಗೆಲ್ಲ ಕೋಟಿಂಗ್ ಮಾಡಿಸಿಟ್ಟಿದ್ದೇನೆ." ಜ್ಯಾಕ್ ಕೊಟ್ಟು ಎತ್ತಿ ನೋಡೋಣವೆಂದಾಗ, ಕಾರು ತೀರಾ ಕೆಳಗಿಳಿದಿರುವುದರಿಂದ ತಮ್ಮ ಬಳಿಯ ಜ್ಯಾಕ್ ಅದರಡಿ ಹೋಗುವುದಿಲ್ಲ ಎಂದರು.

ಬಣ್ಣ ಕಳಚಿದ್ದು ವರ್ಕ್‌ಶಾಪಿನಲ್ಲಿ. ಬಾಗಿಲ ಕೆಳಗೆ ಕಾರಿನ ಉದ್ದಕ್ಕೂ ಹೋಗುವ ಸಿಲ್ ಇರುತ್ತದಲ್ಲ, ಅದರ ಅಂಚಿನಲ್ಲಿ ಜ್ಯಾಕ್ ಕೊಡಲೆಂದೇ ಗಟ್ಟಿಮಾಡಿದ ಜಾಗವಿರುತ್ತದೆ; ಅಲ್ಲಿ ಟ್ರಾಲಿ ಜ್ಯಾಕ್ ಇಟ್ಟು ಎತ್ತಿದಾಗ ಕಾರು ಮೇಲೇಳಲಿಲ್ಲ, ಒಣರೊಟ್ಟಿ ಮುರಿದಂಥ ಸದ್ದು ಮಾಡುತ್ತಾ ಜ್ಯಾಕಿನ ತಲೆಯೇ ಸಿಲ್‌ನ ಒಳಗೆ ಹೋಯಿತು. ಬಿದ್ದ ಚೂರುಗಳಲ್ಲಿ ಲೋಹಕ್ಕಿಂತ ಹೆಚ್ಚಾಗಿ ಇದ್ದದ್ದು ಫೈಬರ್ ಗ್ಲಾಸ್ ಹಾಳೆ, ಅದರ ಮೇಲೆ ಪುಟ್ಟಿ, ಅದರ ಮೇಲೆ ಆ ಕಪ್ಪು ಕೋಟಿಂಗ್. ತೂತಿನೊಳಗೆ ಬೆರಳು ಹಾಕಿದರೆ ಹಳದಿ ಫೋಮ್ ಕೈಗೆ ಹತ್ತಿತು. ಕಿಟಕಿ ಬಾಗಿಲುಗಳ ಸಂದು ತುಂಬಲು ಬಳಸುವ, ಸಿಂಪಡಿಸಿದರೆ ಉಬ್ಬಿಕೊಳ್ಳುವ ಫೋಮ್ ಅದು. ಹಿಂಡಿದರೆ ಕಂದು ನೀರು ಬಂತು. ಇಂಥ ಕಡೆ ಹೊಸ ತಗಡು ಕೂರಿಸಿ ವೆಲ್ಡಿಂಗ್ ಮಾಡಬೇಕೆಂದರೂ ಮೊದಲು ಆ ಫೋಮನ್ನೆಲ್ಲ ಕೆರೆದು ತೆಗೆಯಲೇಬೇಕು. ಇಲ್ಲವಾದರೆ ಅದು ಹೊತ್ತಿಕೊಂಡು ವಿಷದ ಹೊಗೆ ಬಿಡುತ್ತದೆ. ಕೆರೆಯುತ್ತಾ ಹೋದಂತೆ ಸಿಲ್‌ನ ಒಳಗೋಡೆಯೂ ಇಲ್ಲ, ಅದಕ್ಕೆ ಅಂಟಿದ ನೆಲದ ತಗಡಿನ ಅಂಚೂ ಇಲ್ಲ ಎನ್ನುವುದು ಕಂಡಿತು. ಮೇಲೆ ಥಳಕು, ಒಳಗೆ ಹುಳುಕು ಎಂಬ ಮಾತನ್ನು ಇಷ್ಟು ಯಥಾವತ್ತಾಗಿ ನಾನು ಬೇರೆಲ್ಲೂ ಕಂಡಿಲ್ಲ.

ಇದನ್ನು ಇಷ್ಟು ವಿವರಿಸಲು ಕಾರಣವಿದೆ. ಹ್ಯಾಚ್‌ಬ್ಯಾಕ್‌ಗಳಿಗೆ ಲಾರಿಗಳಿಗೆ ಇರುವಂತೆ ಪ್ರತ್ಯೇಕ ಚಾಸಿಸ್ ಇರುವುದಿಲ್ಲ. ಸುಮಾರು ಒಂದು ಮಿಲಿಮೀಟರಿನಷ್ಟೇ ದಪ್ಪದ ತಗಡುಗಳನ್ನು ಮಡಿಸಿ, ಪೆಟ್ಟಿಗೆಯಾಕಾರದಲ್ಲಿ ಜೋಡಿಸಿ ಸ್ಪಾಟ್ ವೆಲ್ಡಿಂಗ್ ಮಾಡಿದ ಬಾಡಿಯೇ ಅವುಗಳ ಅಸ್ಥಿಪಂಜರ. ಟ್ರ್ಯಾಕಿನಲ್ಲಿ ಗಟ್ಟಿ ಸ್ಪ್ರಿಂಗ್, ಹಿಡಿತ ಹೆಚ್ಚಿರುವ ಟೈರ್ ಹಾಕಿ ತಿರುವಿನಲ್ಲಿ ನುಗ್ಗಿಸಿದಾಗ, ರಸ್ತೆಯ ಬಳಕೆಯಲ್ಲಿ ಸಾಮಾನ್ಯವಾಗಿ ಬೀಳದಷ್ಟು ಭಾರ ಸಸ್ಪೆನ್ಷನ್ ಮೂಲಕ ಬಾಡಿಯ ಮೇಲೆ ಬೀಳುತ್ತದೆ. ಮುಂದಿನ ಶಾಕ್ ಅಬ್ಸಾರ್ಬರ್‌ಗಳ ತಲೆ ಕೂರುವ ಗುಂಬ, ಹಿಂದಿನ ಆಕ್ಸಲ್ ಬಾಡಿಗೆ ಸೇರುವ ಜಾಗ, ಎಂಜಿನ್, ಸಸ್ಪೆನ್ಷನ್ ಹೊರುವ ಚೌಕಟ್ಟಾದ ಸಬ್‌ಫ್ರೇಮಿನ ಬೋಲ್ಟ್‌ಗಳ ಸುತ್ತಲಿನ ತಗಡು ಇವು ಆ ಭಾರ ಹೊರುವ ಕಡೆಗಳು. ತುಕ್ಕಿಗೆ ಇಷ್ಟವಾದ ಕಡೆಗಳೂ ಇವೇ, ಏಕೆಂದರೆ ಮಡಿಕೆಗಳಲ್ಲಿ ಮಣ್ಣು ಕೂತು ನೀರು ನಿಲ್ಲುತ್ತದೆ, ಸಿಲ್‌ನ ಅಡಿಯಲ್ಲಿ ನೀರು ಹೊರಹೋಗಲು ಇರುವ ಸಣ್ಣ ಕಿಂಡಿಗಳು ಕಟ್ಟಿಕೊಳ್ಳುತ್ತವೆ, ತಗಡು ಒಳಗಿನಿಂದ ಹೊರಕ್ಕೆ ತಿನ್ನಿಸಿಕೊಳ್ಳುತ್ತಾ ಬರುತ್ತದೆ. ಹೊರಗಡೆ ಬಣ್ಣ ಒಂದು ಗುಳ್ಳೆಯಷ್ಟು ಎದ್ದಿದೆಯೆಂದರೆ ಅದರ ಹಿಂದಿನ ತಗಡು ಬಹುಮಟ್ಟಿಗೆ ಹೋಗಿದೆಯೆಂದೇ ತಿಳಿಯಬೇಕು.

ಕಾರು ಮಗುಚಿದರೆ ಒಳಗಿರುವವರನ್ನು ಕಾಪಾಡುವ ಕೊಳವೆಗಳ ಪಂಜರವಾದ ರೋಲ್ ಕೇಜ್ ಹಾಕಿಸುವ ಯೋಚನೆಯಿದ್ದರೆ ಈ ಮಾತು ಇನ್ನೂ ಮುಖ್ಯವಾಗುತ್ತದೆ. ಅಂತರರಾಷ್ಟ್ರೀಯ ಮೋಟಾರು ಕ್ರೀಡೆಯ ಆಡಳಿತ ಸಂಸ್ಥೆಯಾದ ಎಫ್‌ಐಎ ನಿಯಮದ ಪ್ರಕಾರ, ಕೇಜಿನ ಮುಖ್ಯ ಕಂಬಗಳ ಪಾದದ ಕೆಳಗೆ ಕನಿಷ್ಠ 3 ಮಿಲಿಮೀಟರ್ ದಪ್ಪದ, 120 ಚದರ ಸೆಂಟಿಮೀಟರ್ ವಿಸ್ತೀರ್ಣದ ಉಕ್ಕಿನ ತಗಡನ್ನು ಬಾಡಿಗೆ ಕೂಡಿಸಿರಬೇಕು. ಕಾರು ಮಗುಚಿದಾಗ ಬೀಳುವ ಹೊಡೆತ ಅಗಲವಾಗಿ ಹರಡಲಿ ಎಂಬುದಕ್ಕೆ ಈ ನಿಯಮ. ಆ ತಗಡನ್ನು ಕೂಡಿಸುವ ನೆಲವೇ ಗಟ್ಟಿಯಿಲ್ಲದಿದ್ದರೆ ಕೇಜಿನ ಕಂಬ ನೆಲವನ್ನು ತೂರಿಕೊಂಡು ಕೆಳಗಿಳಿಯುತ್ತದೆ. ಸೀಟು, ಬೆಲ್ಟ್‌ಗಳ ಬೋಲ್ಟ್‌ಗಳಿಗೂ ಇದೇ ಗತಿ. ನನ್ನ ಕಾರಿನ ಆ ಚೆಂದದ ಬಕೆಟ್ ಸೀಟಿನ ಹೊರಬದಿಯ ಎರಡು ಬೋಲ್ಟ್‌ಗಳು ಕೂತಿದ್ದದ್ದು ಫೈಬರ್ ಗ್ಲಾಸಿನ ಮೇಲೆ.

ಹಾಗಾದರೆ ನೋಡುವುದು ಹೇಗೆ? ಒಂದು ಸಣ್ಣ ಅಯಸ್ಕಾಂತವನ್ನು ತೆಳುಬಟ್ಟೆಯಲ್ಲಿ ಸುತ್ತಿಕೊಂಡು ಸಿಲ್‌ಗಳ ಮೇಲೆ, ಹಿಂದಿನ ಚಕ್ರದ ಕಮಾನಿನ ಅಂಚಿನಲ್ಲಿ ನಿಧಾನವಾಗಿ ಆಡಿಸಿ. ಪುಟ್ಟಿಯೋ ಫೈಬರ್ ಗ್ಲಾಸೋ ಇರುವಲ್ಲಿ ಅದು ಹಿಡಿಯುವುದಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಒಳ್ಳೆಯ ತಗಡು ಟಣ್ಣೆನ್ನುತ್ತದೆ, ಪುಟ್ಟಿ ಮಂಕಾಗಿ ಸದ್ದು ಮಾಡುತ್ತದೆ. ನೆಲಹಾಸು ಎತ್ತಿ ಚಾಲಕನ ಕಾಲಿನ ಜಾಗ ನೋಡಿ, ಡಿಕ್ಕಿಯಲ್ಲಿ ಸ್ಟೆಪ್ನಿ ತೆಗೆಸಿ ಅದರ ಗುಂಡಿಯನ್ನು ನೋಡಿ. ಅಪಘಾತವಾದ ಕಾರಾದರೆ ಎಂಜಿನ್ನಿನ ಎರಡೂ ಪಕ್ಕದ ಉದ್ದ ಪೆಟ್ಟಿಗೆಗಳಲ್ಲಿ ಸುಕ್ಕು ಕಾಣುತ್ತದೆ, ಬಾನೆಟ್ ಮತ್ತು ಬಾಗಿಲುಗಳ ಸಂದು ಒಂದು ಕಡೆ ಕಿರಿದು, ಇನ್ನೊಂದು ಕಡೆ ಅಗಲವಾಗಿರುತ್ತದೆ. ಕೊನೆಯದಾಗಿ, ಜ್ಯಾಕನ್ನು ನೀವೇ ತೆಗೆದುಕೊಂಡು ಹೋಗಿ, ಕಾರನ್ನು ನಾಲ್ಕೂ ಜ್ಯಾಕಿಂಗ್ ಜಾಗಗಳಲ್ಲಿ ಎತ್ತಿಸಿ. ತಳಕ್ಕೆ ಹೊಸದಾಗಿ ಕೋಟಿಂಗ್ ಹೊಡೆದ ಅಗ್ಗದ ಹಳೆಯ ಕಾರು ಕಂಡರೆ, ಕೋಟಿಂಗ್ ಮಾಡುವ ಮೊದಲು ತೆಗೆದ ಫೋಟೊಗಳನ್ನು ಕೇಳಿ. ಮಾಲೀಕರು ನಿಜವಾಗಿಯೂ ಬಾಡಿಯನ್ನು ಕಾಪಾಡಲು ಅದನ್ನು ಮಾಡಿಸಿದ್ದರೆ ಫೋಟೊ ಇದ್ದೇ ಇರುತ್ತದೆ.

ಅದೇ ಕೋಟಿಂಗಿನ ಕೆಳಗೆ ಬ್ರೇಕಿನ ಉಕ್ಕಿನ ಕೊಳವೆಗಳೂ ಮುಚ್ಚಿಹೋಗಿದ್ದವು. ಪೆಟ್ರೋಲ್ ಟ್ಯಾಂಕಿನ ಮೇಲುಗಡೆ ಹಾದುಹೋಗುವ ಕೊಳವೆಯನ್ನು ಉಜ್ಜಿದಾಗ ತುಕ್ಕಿನ ಪದರಗಳು ಹೊಟ್ಟಿನಂತೆ ಉದುರಿ, ಕೊಳವೆ ಅಲ್ಲಲ್ಲಿ ಅರ್ಧಕ್ಕಿಂತ ತೆಳುವಾಗಿರುವುದು ತಿಳಿಯಿತು. ಓಡುವ ಕಾರಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 140 ಕಿಲೋಮೀಟರ್ ವೇಗದ ಕಾರನ್ನು ನಿಲ್ಲಿಸುವಾಗ ಬ್ರೇಕುಗಳಲ್ಲಿ ಹುಟ್ಟುವ ಶಾಖ 70ರಿಂದ ನಿಲ್ಲಿಸುವಾಗಿನದರ ನಾಲ್ಕರಷ್ಟಿರುತ್ತದೆ, ಅದೂ ಪ್ರತಿ ಸುತ್ತಿನಲ್ಲಿ ಮತ್ತೆ ಮತ್ತೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವಂಥದ್ದು: ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎನ್ನುವ ಮಾನದಂಡ, ನೀರು ಹೀರಿದ ಆಯಿಲ್‌ಗೆ 155ಕ್ಕೇ ಇಳಿಯುತ್ತದೆ. ಕುದಿದರೆ ಬ್ರೇಕ್ ಹಿಡಿಯದೆ ಪೆಡಲ್ ನೆಲ ಮುಟ್ಟುತ್ತದೆ. 'ಟ್ರ್ಯಾಕಿಗೆ ಸಿದ್ಧ'ವೆಂದ ಆ ಕಾರಿನ ಬ್ರೇಕ್ ಆಯಿಲ್ ಕಷಾಯದ ಬಣ್ಣಕ್ಕೆ ತಿರುಗಿತ್ತು. ಆಯಿಲನ್ನು ಬದಲಾಯಿಸುವುದು ಸುಲಭವೇ. ಆದರೆ ಅದನ್ನು ಕಂಡ ಮೇಲೆ ಸ್ಟಿಕ್ಕರ್ ಅಂಟಿಸಿದ್ದನ್ನು ಬಿಟ್ಟು ಬೇರೆ ಯಾವ ಸಿದ್ಧತೆಯೂ ಅಲ್ಲಿ ನಡೆದಿಲ್ಲವೆಂಬುದು ಖಾತ್ರಿಯಾಯಿತು. ಕೆಳಗಿಳಿಸಿದ ಸಸ್ಪೆನ್ಷನ್ ಕೂಡ ಮೂಲ ಸ್ಪ್ರಿಂಗಿನ ಸುತ್ತುಗಳನ್ನೇ ಕತ್ತರಿಸಿ ಮಾಡಿದ್ದು. ಹಾಗೆ ಮೊಟಕಾದ ಸ್ಪ್ರಿಂಗ್, ಚಕ್ರ ಗಾಳಿಗೆದ್ದಾಗ, ತನ್ನ ಬಟ್ಟಲಿನಿಂದ ಕಳಚಿಕೊಳ್ಳಬಹುದು.

ಆದ್ದರಿಂದ ನನ್ನ ಅಭಿಪ್ರಾಯ ಈಗ ಖಚಿತವಾಗಿದೆ: ಬೇರೆಯವರು ಅರ್ಧ ಮಾರ್ಪಡಿಸಿ ಬಿಟ್ಟ ಕಾರು ಬೇಡ. ಬಣ್ಣ ಮಾಸಿದ, ಸೀಟು ಹರಿದ, ಎಂಜಿನ್ ಸ್ವಲ್ಪ ಸೋತ, ಆದರೆ ಯಾರೂ ಕೈಹಾಕದ, ತಳ ಗಟ್ಟಿಯಿರುವ ಕಾರು ಸಿಕ್ಕರೆ ಅದೇ ಲೇಸು. ಇಂಥ ಕಾರುಗಳ ಸೊಗಸು ಹಗುರತನದಲ್ಲಿದೆಯೇ ಹೊರತು ಅಶ್ವಶಕ್ತಿಯಲ್ಲಿ ಇಲ್ಲ. 1976ರಲ್ಲಿ ಬಂದ ಫೋಕ್ಸ್‌ವ್ಯಾಗನ್ನಿನ ಮೊದಲ ಗಾಲ್ಫ್ ಜಿಟಿಐ 110 ಅಶ್ವಶಕ್ತಿಯಲ್ಲೇ ಹೆಸರು ಮಾಡಿದ್ದು, ಅದರ ತೂಕ ಸುಮಾರು 800 ಕಿಲೋಗ್ರಾಂ ಮಾತ್ರ ಇದ್ದುದರಿಂದ. ಮಾದರಿಯನ್ನು ಆರಿಸುವ ಮೊದಲು ಅದರ ಹುಟ್ಟುದೋಷಗಳನ್ನು ತಿಳಿದುಕೊಂಡಿರಿ. ಉದಾಹರಣೆಗೆ ಪ್ಯೂಜೊ 205, 106 ಮತ್ತು ಸಿಟ್ರೊಯೆನ್ ಸ್ಯಾಕ್ಸೊ ಕಾರುಗಳ ಹಿಂದಿನ ಆಕ್ಸಲ್‌ನ ನೀಡಲ್ ಬೇರಿಂಗ್‌ಗಳು ಸವೆದರೆ ಹಿಂದಿನ ಚಕ್ರಗಳ ಮೇಲ್ಭಾಗ ಒಳಕ್ಕೆ ವಾಲುತ್ತದೆ. ಚಕ್ರದ ಇಂಥ ವಾಲಿಕೆಗೆ ಕ್ಯಾಂಬರ್ ಎನ್ನುತ್ತಾರೆ. ಅದನ್ನು ತೋರಿಸಿ "ಟ್ರ್ಯಾಕಿಗೆಂದು ಕ್ಯಾಂಬರ್ ಕೊಟ್ಟಿದ್ದೇವೆ" ಎನ್ನುವ ಧೈರ್ಯವಂತರೂ ಇದ್ದಾರೆ. ದೂರದಿಂದ ಕಾರಿನ ಹಿಂದೆ ನಿಂತು ಚಕ್ರಗಳನ್ನು ನೋಡಿದರೆ ಸಾಕು, ಗೊತ್ತಾಗುತ್ತದೆ. ಟೈರುಗಳ ಪಕ್ಕದಲ್ಲಿರುವ ನಾಲ್ಕಂಕಿಯ ಸಂಖ್ಯೆಯನ್ನೂ ಓದಿ. ಮೊದಲ ಎರಡು ಅಂಕಿ ತಯಾರಾದ ವಾರ, ಉಳಿದೆರಡು ವರ್ಷ.

ಮಾರಿದವರಿಗೆ ಸಿಲ್‌ನ ಫೋಟೊಗಳನ್ನು ಕಳುಹಿಸಿದೆ. ತಾವು ಕೊಂಡಾಗಲೂ ಕಾರು ಹಾಗೆಯೇ ಇದ್ದಿರಬೇಕು ಎಂದೂ, 'ಇದ್ದ ಸ್ಥಿತಿಯಲ್ಲಿ' ಮಾರಿದ್ದೇವೆಂದು ಕರಾರುಪತ್ರದಲ್ಲಿ ಬರೆದಿದೆಯೆಂದೂ ಉತ್ತರ ಬಂತು. ಕೋಟಿಂಗ್ ಮಾಡಿಸಿದ್ದು ತಾವೇ ಎಂದು ಅವರು ಮೊದಲು ಹೇಳಿದ್ದು ಬಾಯಿಮಾತಿನಲ್ಲಿ ಮಾತ್ರ. ಹಾಗಾಗಿ ಬಾಡಿಗೆ ವೆಲ್ಡಿಂಗ್ ಆಗಿದೆಯೇ, ಅಪಘಾತವಾಗಿದೆಯೇ ಎಂದು ಕೇಳುವುದಾದರೆ ಸಂದೇಶ ಕಳಿಸಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಎಂಜಿನ್, ಗೇರ್‌ಬಾಕ್ಸ್, ಸೀಟು ಬಿಚ್ಚಿಟ್ಟುಕೊಂಡು ಬಾಡಿಯನ್ನು ಗುಜರಿಗೆ ಹಾಕಿದೆ. ಗುಜರಿಗೆ ಕಳಿಸಿದ ಮಾತ್ರಕ್ಕೆ ಕಾರು ನಿಮ್ಮ ಹೆಸರಿನಿಂದ ಹೋಗುವುದಿಲ್ಲ; ನೋಂದಣಿಯನ್ನು ರದ್ದು ಮಾಡಿಸಿ, ಅದರ ಪತ್ರವನ್ನು ಪಡೆದು ಇಟ್ಟುಕೊಳ್ಳಿ.