ಸೊಂಟದೊಳಗಿನ ಚರ್ಮದ ಒರೆ: ನಾಲ್ಕು ವರ್ಷಗಳ ಬಳಕೆಯ ಬಳಿಕ

ಬೆಂಗಳೂರಿನ ಶಿವಾಜಿನಗರದ ಒಂದು ಓಣಿಯಲ್ಲಿ ಬೆಲ್ಟು, ಚೀಲ, ಕುದುರೆಯ ಜೀನು ಹೊಲಿಯುವ ಹಿರಿಯರೊಬ್ಬರ ಕೈಯಲ್ಲಿ 2021ರ ಆಗಸ್ಟಿನಲ್ಲಿ 1,800 ರೂಪಾಯಿ ಕೊಟ್ಟು ಮಾಡಿಸಿಕೊಂಡ, ಪ್ಯಾಂಟಿನ ಸೊಂಟದೊಳಗೆ ರಿವಾಲ್ವರ್ ಇಟ್ಟುಕೊಳ್ಳುವ ಚರ್ಮದ ಒರೆಯನ್ನು, ಅಂದರೆ ಹೋಲ್‌ಸ್ಟರನ್ನು ನಾಲ್ಕು ವರ್ಷಗಳಿಂದ ಹೆಚ್ಚುಕಡಿಮೆ ಪ್ರತಿ ಕೆಲಸದ ದಿನವೂ ಧರಿಸುತ್ತಿದ್ದೇನೆ. ಮೊದಲ ಹದಿನೆಂಟು ತಿಂಗಳು ಅದನ್ನು ಪರಿಚಿತರ ಮುಂದೆಲ್ಲ ಹೊಗಳಿದೆ. ಅನಂತರ ಒಂದು ರಾತ್ರಿ ಅದೇ ಹೋಲ್‌ಸ್ಟರ್ ನನ್ನ ಬೆವರಿಳಿಸಿತು. ಹೊಗಳಿಕೆ ಕೇಳಿ ತಾವೂ ಮಾಡಿಸಿಕೊಂಡ ಇಬ್ಬರು ವರ್ತಕಮಿತ್ರರಿಗೆ ಆ ರಾತ್ರಿಯ ಸಂಗತಿಯನ್ನು ಆಗಲೇ ಫೋನಿನಲ್ಲಿ ತಿಳಿಸಿದ್ದೆ. ಉಳಿದವರಿಗಾಗಿ ಈಗ ಬರೆಯುತ್ತಿದ್ದೇನೆ.

ನಗರ್ತಪೇಟೆಯಲ್ಲಿ ಬೆಳ್ಳಿ ಸಾಮಾನಿನ ಸಗಟು ವ್ಯಾಪಾರ ನನ್ನದು. ವಯಸ್ಸು ಐವತ್ತನಾಲ್ಕು, ಸೊಂಟ ಮೂವತ್ತೆಂಟು ಇಂಚು, ಹೊಟ್ಟೆ ಅದಕ್ಕಿಂತ ಒಂದೆರಡು ಇಂಚು ಮುಂದೆ. ಪರವಾನಗಿ ಪಡೆದು ಇಟ್ಟುಕೊಂಡಿರುವುದು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್. ಇಲ್ಲಿ ಮುಖ್ಯವಾಗುವುದು ಎರಡೇ ಸಂಗತಿ: ಸುಮಾರು 700 ಗ್ರಾಂ ಕಬ್ಬಿಣವನ್ನು ಹತ್ತು ಗಂಟೆ ಹೊರಬೇಕು ಎಂಬುದು ಒಂದು, ಆರು ಗುಂಡುಗಳ ಸಿಲಿಂಡರ್ ನಡುವೆ ಉಬ್ಬಿಕೊಂಡಿರುವುದರಿಂದ ಚಪ್ಪಟೆ ಪಿಸ್ತೂಲಿನಂತೆ ಅದು ಮೈಗೆ ಅಂಟಿಕೊಳ್ಳುವುದಿಲ್ಲ ಎಂಬುದು ಇನ್ನೊಂದು. 2014ರಲ್ಲಿ ಬಂದ ನಿರ್ಭೀಕ್ ಎಂಬ ಹಗುರ ರಿವಾಲ್ವರ್ ಸುಮಾರು 500 ಗ್ರಾಂ ಮಾತ್ರ ಇದ್ದು, ಕೈಯಲ್ಲಿ ಹಿಡಿದು ನೋಡಿದಾಗ ಆಸೆಯೇನೋ ಆಯಿತು. ಬೆಲೆ ಕೇಳಿದ ಮೇಲೆ 200 ಗ್ರಾಂ ಹೆಚ್ಚಾದರೂ ಹೊರಬಲ್ಲೆ ಎಂದು ತೀರ್ಮಾನಿಸಿದೆ.

ಇದಕ್ಕೆ ಮೊದಲು ಮೂರು ಹೋಲ್‌ಸ್ಟರುಗಳಿಗೆ ದುಡ್ಡು ಸುರಿದಿದ್ದೇನೆ. ನೈಲಾನಿನದು ಎರಡೇ ತಿಂಗಳಲ್ಲಿ ಹಳೆಯ ಕಾಲುಚೀಲದಂತೆ ಜೋತುಬಿದ್ದಿತು. ಭುಜಕ್ಕೆ ಹಾಕುವಂಥದ್ದನ್ನು ಮರೆಮಾಡಲು ಕೋಟು ಬೇಕು, ಏಪ್ರಿಲ್ ತಿಂಗಳಲ್ಲಿ ಚಿಕ್ಕಪೇಟೆಯಲ್ಲಿ ಕೋಟು ಹಾಕಿಕೊಂಡು ತಿರುಗುವವನನ್ನು ಜನ ಮದುಮಗನೆಂದೇ ತಿಳಿಯುತ್ತಾರೆ. ಗಟ್ಟಿ ಪ್ಲಾಸ್ಟಿಕ್ಕಿನದು ಬೇರೆ ಯಾವುದೋ ರಿವಾಲ್ವರಿನ ಅಚ್ಚಿನಲ್ಲಿ ತಯಾರಾದದ್ದು. ನನ್ನದು ಅದರೊಳಗೆ ಗಡಗಡ ಅಲ್ಲಾಡುತ್ತಿತ್ತು, ಅಂಚು ಪಕ್ಕೆಯ ಕೆಳಗೆ ಕೆಂಪು ಗೆರೆ ಎಳೆಯುತ್ತಿತ್ತು. ಅದರ ಒಂದು ಗುಣವನ್ನು ಮಾತ್ರ ಆಗ ಲೆಕ್ಕಕ್ಕೆ ಹಿಡಿಯಲಿಲ್ಲ: ಒಳಗೆ ರಿವಾಲ್ವರ್ ಇದ್ದರೂ ಇಲ್ಲದಿದ್ದರೂ ಅದರ ಬಾಯಿ ತೆರೆದೇ ಇರುತ್ತಿತ್ತು.

ಹೊರದೇಶದವರು ಬರೆಯುವ ಹೋಲ್‌ಸ್ಟರ್ ವಿಮರ್ಶೆಗಳನ್ನು ನಾನೂ ಸಾಕಷ್ಟು ಓದಿದ್ದೇನೆ. ಅವರಲ್ಲಿ ಹೊಕ್ಕುಳನ್ನು ಗಡಿಯಾರದ ಹನ್ನೆರಡು ಗಂಟೆ ಎಂದು ಎಣಿಸುವ ರೂಢಿಯಿದೆ; ಬಲ ಸೊಂಟ ಮೂರು ಗಂಟೆ, ಬೆನ್ನಿನ ನಡು ಆರು ಗಂಟೆ. ಒಂದು ಗಂಟೆಯ ಜಾಗದಲ್ಲಿಟ್ಟರೆ ಚೆನ್ನಾಗಿ ಮರೆಯಾಗುತ್ತದೆ ಎನ್ನುತ್ತಾರೆ, ಆದರೆ ಆ ಜಾಗವನ್ನು ನನ್ನ ಹೊಟ್ಟೆ ಎಂದೋ ಆಕ್ರಮಿಸಿಕೊಂಡಿದೆ. ಅವರು ಕುರ್ಚಿಯಲ್ಲಿ, ಕಾರಿನಲ್ಲಿ, ಸೋಫಾದಲ್ಲಿ ಕೂತು ಪರೀಕ್ಷಿಸುತ್ತಾರೆ. ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮುಂದಕ್ಕೆ ಬಾಗಿ ತಕ್ಕಡಿಗೆ ಬೆಳ್ಳಿ ಇಡುವವನ ಪಾಡು ಅವರಿಗೆ ಹೇಗೆ ತಿಳಿಯಬೇಕು? ಹಾಗೆ ಕೂತಾಗ ತೊಡೆಯೆದ್ದು ಹೊಟ್ಟೆಗೆ ಸಮೀಪಿಸುತ್ತದೆ, ಸೊಂಟದ ಪಟ್ಟಿ ಹಿಂದಕ್ಕೆ ಜಾರುತ್ತದೆ, ಮೂರು ಗಂಟೆಯ ಜಾಗದಲ್ಲಿದ್ದ ರಿವಾಲ್ವರಿನ ಹಿಡಿ ನೇರವಾಗಿ ಪಕ್ಕೆಲುಬಿಗೆ ತಿವಿಯುತ್ತದೆ. ಪರೀಕ್ಷೆ ಮಾಡಿ ಮಾಡಿ ನನಗೆ ಸರಿಹೋದದ್ದು ನಾಲ್ಕೂವರೆ ಗಂಟೆಯ ಜಾಗ, ಹಿಡಿ ತುಸು ಮುಂದಕ್ಕೆ ವಾಲಿದ ಓರೆ. ಆ ಓರೆಯಿಂದಾಗಿ ಹಿಡಿ ಬೆನ್ನಿನ ಬಾಗಿಗೆ ಹೊಂದಿಕೊಳ್ಳುತ್ತದೆ, ಬಾಗಿದಾಗ ಅಂಗಿ ಗುಬುಟು ಕಟ್ಟುವುದಿಲ್ಲ.

ಈ ಓರೆಯನ್ನು ಒಂದೊಂದು ಮೈಗೆ ತಕ್ಕಂತೆ ಕೂರಿಸುವುದನ್ನು ಕೈಕೆಲಸದವರು ಚೆನ್ನಾಗಿ ಬಲ್ಲರು. ಆದರೆ ಅಳತೆಗೆಂದು ರಿವಾಲ್ವರನ್ನೇ ಅವರಿಗೆ ಕೊಟ್ಟು ಬರುವಂತಿರಲಿಲ್ಲ, ಪರವಾನಗಿ ಇಲ್ಲದವರ ವಶಕ್ಕೆ ಆಯುಧ ಒಪ್ಪಿಸುವುದು ಅಪರಾಧ. ನಮ್ಮ ಬೀದಿಯ ಬಡಗಿ ಮನೆಗೆ ಬಂದು, ನಾನು ಖಾಲಿ ಮಾಡಿ ಮೇಜಿನ ಮೇಲೆ ಇಟ್ಟುಕೊಂಡು ಕೂತ ರಿವಾಲ್ವರನ್ನು ಮುಟ್ಟದೆಯೇ ಅಳತೆ ಹಿಡಿದು, ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆ ಮರದಲ್ಲಿ ಅದರ ತದ್ರೂಪು ಕೆತ್ತಿಕೊಟ್ಟರು. ಆ ಮರದ ಅಚ್ಚನ್ನು ಶಿವಾಜಿನಗರಕ್ಕೆ ಒಯ್ದೆ. ಹಿರಿಯರು ತೊಗಟೆಯ ಹದದ ದಪ್ಪ ಚರ್ಮವನ್ನೇ ಆರಿಸಿದರು. ನಮ್ಮ ಸೀಮೆಯಲ್ಲಿ ತಂಗಡಿ ಗಿಡದ ತೊಗಟೆಯಿಂದ ಚರ್ಮ ಹದ ಮಾಡುವ ಪದ್ಧತಿ ಬಹಳ ಹಳೆಯದು. ಹಾಗೆ ಹದಗೊಂಡ ಚರ್ಮ ನೀರಿನಲ್ಲಿ ನೆನೆದಾಗ ಹೇಳಿದಂತೆ ಕೇಳುತ್ತದೆ, ಒಣಗಿದಾಗ ಕೇಳಿದ ರೂಪದಲ್ಲೇ ಬಿಗಿಯಾಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಅಚ್ಚಿನ ಮೇಲೆ ಹೊದಿಸಿ, ಸಿಲಿಂಡರಿನ ಉಬ್ಬನ್ನೂ ಟ್ರಿಗರಿನ ಕಮಾನನ್ನೂ ಹೆಬ್ಬೆರಳಿನಿಂದ ಒತ್ತಿ ಒತ್ತಿ ಮೂಡಿಸಿ, ಎರಡು ದಿನ ನೆರಳಲ್ಲಿ ಒಣಗಿಸಿದ ಮೇಲೆ ಅದರೊಳಗೆ ರಿವಾಲ್ವರ್ ಇಳಿಸಿದಾಗ ಕೊನೆಯ ಅರ್ಧ ಇಂಚಿನಲ್ಲಿ ಒಂದು ಮೆತ್ತನೆಯ ಬಿಗಿತ ಕೈಗೆ ಸಿಕ್ಕಿತು. ಹೊಸ ಹಿತ್ತಾಳೆ ಡಬ್ಬಿಗೆ ಮುಚ್ಚಳ ಕೂರುವಾಗ ಅಂಥದೇ ಬಿಗಿತವಿರುತ್ತದೆ.

ಬೆಳಗಿನ ಕ್ರಮ ಇಂದಿಗೂ ನನಗೆ ಇಷ್ಟವಾದದ್ದು. ಸ್ನಾನ, ಪೂಜೆ, ತಿಂಡಿ ಮುಗಿಸಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತೇನೆ. ಲಾಕರಿನಿಂದ ರಿವಾಲ್ವರ್ ತೆಗೆದು, ನಳಿಕೆಯನ್ನು ಗೋಡೆಯತ್ತ ತಗ್ಗಿಸಿ, ಮೇಲಿನ ಕೊಂಡಿ ಒತ್ತಿ ಮಡಚಿ, ಆರು ಕುಳಿಗಳನ್ನೂ ಬೆಳಕಿಗೆ ಹಿಡಿದು ನೋಡುತ್ತೇನೆ. ಎಣ್ಣೆ ಹಚ್ಚಿದ ಹಳೆಯ ಬನಿಯನ್ ತುಂಡಿನಿಂದ ಒಂದು ಸಲ ಒರೆಸಿ, ಗುಂಡು ತುಂಬಿ, ಮೇಜಿನ ಮೇಲಿರುವ ಹೋಲ್‌ಸ್ಟರಿಗೆ ಇಳಿಸಿ, ಮೇಲಿನ ಪಟ್ಟಿಯ ಟಿಚ್ ಬಟನ್ ಒತ್ತುತ್ತೇನೆ. ಆ ಟಿಚ್ ಎಂಬ ಸದ್ದು ಅಡುಗೆಮನೆಗೂ ಕೇಳುತ್ತದೆ. ಕೇಳಿದೊಡನೆ ನಮ್ಮ ಮನೆಯವರು ಊಟದ ಡಬ್ಬಿಯನ್ನು ಹಜಾರದ ಮೇಜಿಗೆ ತಂದಿಡುತ್ತಾರೆ. ಆಮೇಲೆ ಹೋಲ್‌ಸ್ಟರ್ ಸಮೇತ ಎರಡನ್ನೂ ಒಟ್ಟಿಗೆ ಪ್ಯಾಂಟಿನೊಳಗೆ ಇಳಿಸಿ ಕ್ಲಿಪ್ಪನ್ನು ಬೆಲ್ಟಿಗೆ ಸಿಕ್ಕಿಸುತ್ತೇನೆ. ಅಂಗಿಯನ್ನು ಹೊರಗೆ ಬಿಡುವುದು ನನ್ನ ಮೊದಲಿನ ಅಭ್ಯಾಸ, ಗಿರಾಕಿಗಳ ಕಣ್ಣಿಗೆ ಏನೂ ಬೀಳುವುದಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಆಶಯವೂ ಅದೇ: ಸಾರ್ವಜನಿಕ ಸ್ಥಳದಲ್ಲಿ ಆಯುಧ ಒರೆಯೊಳಗೆ ಮುಚ್ಚಿರಬೇಕು, ಪ್ರದರ್ಶನಕ್ಕೆ ಬರಬಾರದು.

ಬೆಲ್ಟಿನ ಬಗ್ಗೆ ಒಂದು ಮಾತು. ಮೊದಲ ವಾರ ಹೋಲ್‌ಸ್ಟರ್ ವಾಲಾಡಿದಾಗ ಹೊಲಿದವರನ್ನೇ ಬೈದುಕೊಂಡೆ. ತಪ್ಪು ಮದುವೆಯಲ್ಲಿ ಉಡುಗೊರೆಯಾಗಿ ಬಂದಿದ್ದ ನನ್ನ ತೆಳು ಬೆಲ್ಟಿನದಾಗಿತ್ತು. ಒಂದೂವರೆ ಇಂಚು ಅಗಲದ, ಎರಡು ಪದರದ ಬೆಲ್ಟು ಕಟ್ಟಿದ ದಿನದಿಂದ ಭಾರ ಸೊಂಟದ ಸುತ್ತ ಹಂಚಿಹೋಗಿ ಮಧ್ಯಾಹ್ನದ ಬೆನ್ನುನೋವು ನಿಂತಿತು. ಪ್ಯಾಂಟನ್ನೂ ಒಂದು ಇಂಚು ಸಡಿಲವಾಗಿ ಹೊಲಿಸಿಕೊಳ್ಳಬೇಕು, ದರ್ಜಿ ಕಾರಣ ಕೇಳಿದರೆ ಹೊಟ್ಟೆಯನ್ನು ತೋರಿಸಿದರಾಯಿತು.

ನಮ್ಮ ಮನೆ ಬನಶಂಕರಿಯಲ್ಲಿದೆ, ಚಿಕ್ಕಪೇಟೆಯ ಮೆಟ್ರೊ ನಿಲ್ದಾಣ ಅಂಗಡಿಗೆ ನಡೆದುಹೋಗುವಷ್ಟು ಹತ್ತಿರದಲ್ಲಿದೆ. ಆದರೆ ಮೆಟ್ರೊದೊಳಗೆ ಆಯುಧ ಒಯ್ಯುವಂತಿಲ್ಲವಾದ್ದರಿಂದ ಮಿನರ್ವ ವೃತ್ತ, ಜೆ.ಸಿ. ರಸ್ತೆ, ಪುರಭವನದ ದಟ್ಟಣೆಯಲ್ಲಿ ಕಾರಿನಲ್ಲೇ ಕೂರಬೇಕು. ನಾಲ್ಕೂವರೆ ಗಂಟೆಯ ಜಾಗ ಗಾದಿಗೆ ಹೇಳಿ ಮಾಡಿಸಿದಂತಿದ್ದರೂ ಕಾರಿನ ಸೀಟಿಗೆ ಅಷ್ಟು ಹಿತವಲ್ಲ. ಬೆನ್ನಿಗೂ ಸೀಟಿಗೂ ನಡುವೆ ಸಿಲಿಂಡರ್ ಸಿಕ್ಕಿಕೊಳ್ಳುತ್ತದೆ. ಒಂದು ಕೈವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಎಡಬೆನ್ನಿಗೆ ಕೊಟ್ಟರೆ ಎರಡೂ ಕಡೆ ಸಮವಾಗುತ್ತದೆ ಎಂಬುದನ್ನು ಪುರಭವನದ ಸಿಗ್ನಲ್ಲಿನಲ್ಲೇ ಕಂಡುಕೊಂಡೆ. ಸ್ಕೂಟರಿನಲ್ಲಿ ಮಾತ್ರ ಬೇಡವೇ ಬೇಡ, ಗಾಳಿಗೆ ಅಂಗಿಯ ಹಿಂಭಾಗ ಹಾರಿ ಹಿಂದಿನವರಿಗೆಲ್ಲ ದರ್ಶನವಾಗುತ್ತದೆ.

ಇಷ್ಟೂ ಹೊಗಳಿಕೆಯ ಭಾಗ. ದಿನ ಕಳೆದಂತೆ ಚರ್ಮ ನನ್ನ ಸೊಂಟದ ತಿರುವನ್ನು ಕಲಿತುಕೊಂಡಿತು, ಕಟ್ಟಿಕೊಂಡದ್ದೇ ಮರೆತುಹೋಗುವಷ್ಟು ಹಗುರವೆನಿಸಿತು. ಅದು ಕಲಿಯುತ್ತಲೇ ಸಡಿಲವೂ ಆಗುತ್ತಿದೆ ಎಂಬುದು ನನ್ನ ಗಮನಕ್ಕೆ ಬರಲಿಲ್ಲ.

2023ರ ಫೆಬ್ರುವರಿಯ ಒಂದು ಸಂಜೆ. ಮಧ್ಯಾಹ್ನ ನ್ಯಾಯಾಲಯದಲ್ಲಿ ಕೆಲಸವಿದ್ದುದರಿಂದ ರಿವಾಲ್ವರನ್ನು ಅಂಗಡಿಯ ತಿಜೋರಿಯಲ್ಲಿಟ್ಟು, ಖಾಲಿ ಹೋಲ್‌ಸ್ಟರನ್ನು ಸೊಂಟದಲ್ಲೇ ಬಿಟ್ಟುಕೊಂಡು ಹೋಗಿದ್ದೆ. ರಾತ್ರಿ ಎಂಟೂವರೆಗೆ ಷಟರ್ ಅರ್ಧ ಇಳಿಸಿ, ತಿಜೋರಿಯಿಂದ ತೆಗೆದ ರಿವಾಲ್ವರನ್ನು ಹಿಂದೆ ತಿರುಗಿ ನೋಡದೆ, ಅಂದಾಜಿನ ಮೇಲೆ ಹೋಲ್‌ಸ್ಟರಿಗೆ ಇಳಿಸಿದೆ. ಮುಕ್ಕಾಲು ಪಾಲು ಇಳಿದ ಮೇಲೆ ತಡೆಯಿತು. ಬೆವರಿಗೆ ಬಿಗಿಯಾಗಿರಬೇಕೆಂದು ಇನ್ನಷ್ಟು ಒತ್ತಿದೆ. ಒಳಗಿಡುವಾಗ, ಟ್ರಿಗರ್ ಒತ್ತಿದಾಗ ಎದ್ದು ಗುಂಡಿಗೆ ಬಡಿಯುವ ಹ್ಯಾಮರಿನ ಮೇಲೆ ಹೆಬ್ಬೆರಳಿಟ್ಟುಕೊಂಡೇ ಇಡಬೇಕೆಂದು ತರಬೇತಿಯಲ್ಲಿ ಕಲಿಸಿದ್ದರು. ಆ ಹೆಬ್ಬೆರಳಿನ ಕೆಳಗೆ ಹ್ಯಾಮರ್ ಮೆಲ್ಲಗೆ ಮೇಲೇಳತೊಡಗಿತು.

ಕೈ ಅಲ್ಲಿಗೇ ನಿಂತಿತು. ಉಸಿರು ಬಿಗಿಹಿಡಿದು ಬಂದ ದಾರಿಯಲ್ಲೇ ಹೊರಗೆಳೆದು, ಮಡಚಿ ಗುಂಡು ತೆಗೆದು ಮೇಜಿನ ಮೇಲಿಟ್ಟೆ. ಕ್ಲಿಪ್ ಬಿಡಿಸಿ ಹೋಲ್‌ಸ್ಟರನ್ನು ದೀಪದ ಕೆಳಗೆ ಹಿಡಿದಾಗ ಸಂಗತಿ ಸ್ಪಷ್ಟವಾಯಿತು. ಮೈಯ ಕಡೆಯ ಚರ್ಮದ ಅಂಚು ಬೆವರಿನಲ್ಲಿ ನೆನೆದು ನೆನೆದು ಮೆತ್ತಗಾಗಿ, ಖಾಲಿಯಿದ್ದ ಹೊತ್ತಿನಲ್ಲಿ ಬೆಲ್ಟಿನ ಒತ್ತಡಕ್ಕೆ ಒಳಮುಖವಾಗಿ ಮಡಚಿಕೊಂಡಿತ್ತು. ರಿವಾಲ್ವರ್ ಇಳಿಯುವಾಗ ಆ ಮಡಿಕೆ ಕಮಾನಿನೊಳಗೆ ನುಗ್ಗಿ ಟ್ರಿಗರಿನ ಮೇಲೆ ಬೆರಳಿನ ಕೆಲಸ ಮಾಡಿದೆ. ನಳಿಕೆಯ ಮುಂದಿದ್ದದ್ದು ನನ್ನದೇ ಬಲದೊಡೆ.

ಮರುದಿನವೇ ಶಿವಾಜಿನಗರಕ್ಕೆ ಹೋದೆ. ನನ್ನ ಮಾತಿನಲ್ಲಿ ಸಿಟ್ಟಿತ್ತು. ಹಿರಿಯರು ಅಂಚನ್ನು ಹೆಬ್ಬೆರಳಿನಿಂದ ಸವರಿ, "ಚರ್ಮ ಅಂದ್ಮೇಲೆ ಮೈಗೆ ಒಗ್ಗುತ್ತೆ ಸ್ವಾಮಿ, ನೀವೂ ಅದಕ್ಕೇ ತಾನೆ ಚರ್ಮ ಕೇಳಿದ್ದು?" ಎಂದರು. ಆ ಮಾತಿಗೆ ಉತ್ತರವಿರಲಿಲ್ಲ, ಆದರೂ ಬಾಯಿಗೆ ಒಳಪಟ್ಟಿ ಹಾಕದೆ ಕೊಟ್ಟದ್ದು ಅವರ ತಪ್ಪೇ ಎಂದು ಇಂದಿಗೂ ಹೇಳುತ್ತೇನೆ. ಸೊಂಟದೊಳಗೆ ಧರಿಸುವ ಚರ್ಮದ ಹೋಲ್‌ಸ್ಟರಿಗೆ ಗಟ್ಟಿ ಬಾಯಿ ಇರಲೇಬೇಕು. ಕೊನೆಗೆ ಎರಡು ಪದರ ಚರ್ಮದ ನಡುವೆ ತೆಳ್ಳನೆಯ ಉಕ್ಕಿನ ಪಟ್ಟಿ ಸೇರಿಸಿ, ಬಾಯಿಯ ಸುತ್ತ ಬಳೆಯಂತೆ ಹೊಲಿದುಕೊಟ್ಟರು. ಮೊದಲು 350 ರೂಪಾಯಿ ಎಂದವರು, ಪೂರ್ತಿ ಕಥೆ ಕೇಳಿದ ಮೇಲೆ ದುಡ್ಡು ತೆಗೆದುಕೊಳ್ಳಲು ಒಪ್ಪಲಿಲ್ಲ. ನಾನೇ ಮೇಜಿನ ಮೇಲಿಟ್ಟು ಬಂದೆ.

ನನ್ನ ಕ್ರಮವೂ ಅಂದಿನಿಂದ ಬದಲಾಗಿದೆ. ಬೆಳಿಗ್ಗೆ ಮಾಡುವುದನ್ನೇ ಹಗಲಿನಲ್ಲೂ ಮಾಡುತ್ತೇನೆ: ತೆಗೆಯಬೇಕಾದಾಗ ಹೋಲ್‌ಸ್ಟರ್ ಸಮೇತ ತೆಗೆಯುತ್ತೇನೆ, ಸೊಂಟದಲ್ಲಿರುವ ಹೋಲ್‌ಸ್ಟರಿಗೆ ನೋಡದೆ ಇಳಿಸುವುದಿಲ್ಲ. ಹೀಗಾಗಿ ಗಟ್ಟಿ ಕ್ಲಿಪ್ಪಿಗಿಂತ ಸುಲಭವಾಗಿ ಬಿಡಿಸಬಲ್ಲ ಕ್ಲಿಪ್ ಈಗ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಹಾಗೆಂದು ತೀರಾ ಸಡಿಲವಿದ್ದರೆ ರಿವಾಲ್ವರ್ ಎಳೆದಾಗ ಒರೆಯೂ ಜೊತೆಗೇ ಬರುತ್ತದೆ. ನನ್ನದು ಬೆಲ್ಟಿನ ಕೆಳ ಅಂಚಿಗೆ ಕೊಕ್ಕೆಯಂತೆ ಹಿಡಿಯುವ ಉಕ್ಕಿನ ಕ್ಲಿಪ್, ಬಿಡಿಸಲು ಎರಡು ಬೆರಳು ಬೇಕು.

ಇನ್ನೊಂದು ದೂರು ಸಣ್ಣದು. ಚರ್ಮ ತೇವ ಹೀರುತ್ತದೆ, ಹದ ಮಾಡಿದಾಗಿನ ಹುಳಿಯಂಶವೂ ಅದರಲ್ಲಿ ಉಳಿದಿರುತ್ತದೆ. ಮೊದಲ ಮಳೆಗಾಲದಲ್ಲಿ ರಾತ್ರಿಯೂ ಅದರೊಳಗೇ ಬಿಟ್ಟಿದ್ದರಿಂದ ಹಿತ್ತಾಳೆಯ ತೋಟಾಗಳ ಮೇಲೆ ಹಸಿರು ಕಿಲುಬು, ನಳಿಕೆಯ ಪಕ್ಕದಲ್ಲಿ ಕಂದು ಚುಕ್ಕೆ ಕಾಣಿಸಿಕೊಂಡವು. ಬೆಳ್ಳಿ ವ್ಯಾಪಾರಿಗೆ ಲೋಹದ ಕಿಲುಬು ಗೊತ್ತಿರಬೇಕಿತ್ತು. ಈಗ ರಾತ್ರಿ ರಿವಾಲ್ವರ್ ಬಟ್ಟೆಯಲ್ಲಿ ಸುತ್ತಿ ಲಾಕರಿಗೆ, ಹೋಲ್‌ಸ್ಟರ್ ಬೀರುವಿನ ಪಕ್ಕದ ಮೊಳೆಗೆ.

ಗಟ್ಟಿ ಬಾಯಿ ಹಾಕಿಸಿದ ಮೇಲಿನ ಎರಡೂವರೆ ವರ್ಷಗಳಲ್ಲಿ ಹೋಲ್‌ಸ್ಟರ್ ಒಮ್ಮೆಯೂ ಮಡಚಿಕೊಂಡಿಲ್ಲ. ಪಟ್ಟಿಯಿಂದಾಗಿ ಮೈಯ ಕಡೆ ಒಂದು ಎಳ್ಳುಕಾಳಿನಷ್ಟು ದಪ್ಪ ಹೆಚ್ಚಾಗಿದೆ, ಗಾದಿಯಲ್ಲಿ ಕೂತ ಮೊದಲ ಐದು ನಿಮಿಷ ಅದು ತಿಳಿಯುತ್ತದೆ. ದಿನಕ್ಕೆ ಒಂದೆರಡು ಗಂಟೆ ಮಾತ್ರ ಧರಿಸುವವರಿಗೆ, ಪದೇಪದೇ ತೆಗೆದಿಡುವವರಿಗೆ, ಬೆವರು ಹೆಚ್ಚಿರುವವರಿಗೆ ತಮ್ಮ ಆಯುಧದ್ದೇ ಅಚ್ಚಿನ ಗಟ್ಟಿ ಪ್ಲಾಸ್ಟಿಕ್ ಸಿಕ್ಕರೆ ಅದನ್ನೇ ಕೊಳ್ಳಲು ಹೇಳುತ್ತೇನೆ. ದಿನವಿಡೀ ನೆಲದ ಮೇಲೆ ಕೂರುವ ನನ್ನಂಥವರಿಗೆ ಚರ್ಮವೇ ಸರಿ, ಬಾಯಿಪಟ್ಟಿಯನ್ನು ಮೊದಲ ದಿನವೇ ಹಾಕಿಸಿಕೊಳ್ಳುವುದಾದರೆ.

ಮರದ ಅಚ್ಚನ್ನು ಬಿಸಾಡಬೇಡಿ. 2024ರ ಮಾರ್ಚಿನಲ್ಲಿ ಲೋಕಸಭಾ ಚುನಾವಣೆ ಘೋಷಣೆಯಾಗಿ ಆಯುಧ ಠಾಣೆಗೆ ಹೋದದ್ದು ಮರಳಿ ಬಂದಾಗ ಜೂನ್ ಆಗಿತ್ತು. ಅಷ್ಟು ದಿನವೂ ಹಾಲೆ ಮರದ ರಿವಾಲ್ವರ್ ಟಿಚ್ ಬಟನ್ ಹಾಕಿದ ಹೋಲ್‌ಸ್ಟರಿನೊಳಗೇ ಇದ್ದು ಅದರ ಆಕಾರವನ್ನು ಕಾಪಾಡಿತು. ಜೂನಿನಲ್ಲಿ ಅದನ್ನು ಹೊರಗೆಳೆದಾಗ ನೋಡಿದರೆ, ಹಿಡಿಯ ಬುಡದಲ್ಲಿ ಯಾರೋ ಪೆನ್ಸಿಲಿನಿಂದ ಊಟದ ಡಬ್ಬಿಯ ಚಿತ್ರ ಬರೆದಿದ್ದರು.