ಎರಡು ಪಾರ್ಟ್‌ಟೈಮ್ ಕೆಲಸ, ಒಂದೇ ಪ್ಯಾನ್: ಫಾರ್ಮ್ 12ಬಿ, ಅಡ್ವಾನ್ಸ್ ಟ್ಯಾಕ್ಸ್, 194ಜೆ – ಯಾವುದು ವಾಸಿ?

ಎರಡು ಕಡೆ ಸಂಬಳ ಬರುವವರಿಗೆ ಆದಾಯ ತೆರಿಗೆ ಕಟ್ಟಲು ಮೂರು ದಾರಿಗಳಿವೆ. ಒಂದು ಕಡೆಯ ಸಂಬಳದ ವಿವರವನ್ನು ಇನ್ನೊಂದು ಕಡೆಗೆ ಫಾರ್ಮ್ 12ಬಿಯಲ್ಲಿ ಕೊಟ್ಟು, ಒಟ್ಟು ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಅವರೇ ಹಿಡಿಯುವಂತೆ ಮಾಡಬಹುದು. ಇಬ್ಬರಿಗೂ ಹೇಳದೆ ನಾವೇ ವರ್ಷದೊಳಗೆ ಕಂತುಗಳಲ್ಲಿ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಬಹುದು. ಇಲ್ಲವೇ ಎರಡನೇ ಕೆಲಸದ ದುಡ್ಡನ್ನು ಸಂಬಳದ ಬದಲು ವೃತ್ತಿ ಶುಲ್ಕವಾಗಿ ಪಡೆಯಬಹುದು, ಅದರ ಟಿಡಿಎಸ್ ಸೆಕ್ಷನ್ 194ಜೆ ಕೆಳಗೆ. ನನ್ನ ವೋಟು ಎರಡನೆಯದಕ್ಕೆ. 12ಬಿ ಕಾಗದದ ಮೇಲೆ ಚೆನ್ನಾಗಿದೆ, ಪೇರೋಲ್ ಸಾಫ್ಟ್‌ವೇರಿನೊಳಗೆ ಹೋದಮೇಲೆ ಕೆಡುತ್ತದೆ.

ಇಲ್ಲಿನ ಲೆಕ್ಕವೆಲ್ಲ 2025-26ರ ಹಣಕಾಸು ವರ್ಷದ್ದು, ಹೊಸ ತೆರಿಗೆ ಪದ್ಧತಿಯದು. ಸೆಕ್ಷನ್ ನಂಬರುಗಳು 1961ರ ಆದಾಯ ತೆರಿಗೆ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಅನ್ವಯಿಸುವುದು 2025ರ ಕಾಯ್ದೆ, ಹಾಗಾಗಿ 2026-27ರಿಂದಾಚೆಯ ಆದಾಯಕ್ಕೆ ನಂಬರುಗಳು ಬೇರೆ.

ತೊಂದರೆಯ ಬುಡ ಎಲ್ಲಿದೆ ನೋಡಿ. ಮೊದಲ ಕಂಪನಿ ತಿಂಗಳಿಗೆ 65,000 ರೂಪಾಯಿ, ಎರಡನೆಯದು 50,000 ಕೊಡುತ್ತದೆ ಎಂದುಕೊಳ್ಳಿ. ವರ್ಷಕ್ಕೆ 7,80,000 ಮತ್ತು 6,00,000. ಪ್ರತಿ ಕಂಪನಿಯ ಪೇರೋಲೂ ನಿಮಗೆ ತಾನೊಬ್ಬನೇ ಧಣಿ ಎಂದು ನಂಬಿರುತ್ತದೆ. ಇಬ್ಬರೂ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಾರರಿಗೆಲ್ಲ ಸಿಗುವ ನಿಗದಿತ ಕಡಿತ) ಕಳೆಯುತ್ತಾರೆ, ಇಬ್ಬರೂ ಮೊದಲ 4 ಲಕ್ಷಕ್ಕೆ ತೆರಿಗೆ ಹಾಕುವುದಿಲ್ಲ, ಇಬ್ಬರೂ 87ಎ ರಿಯಾಯಿತಿ (12 ಲಕ್ಷದೊಳಗಿನ ಆದಾಯಕ್ಕೆ ತೆರಿಗೆ ಮನ್ನಾ) ಕೊಡುತ್ತಾರೆ. ಹಾಗಾಗಿ ಎರಡೂ ಕಡೆ ಟಿಡಿಎಸ್ ಸೊನ್ನೆ. ಇಲಾಖೆಯ ಲೆಕ್ಕ ಬೇರೆ. ಒಟ್ಟು 13,80,000ದಲ್ಲಿ 75,000 ಒಂದೇ ಸಲ ಕಳೆದು 13,05,000. ಅದಕ್ಕೆ ತೆರಿಗೆ 75,750, ಶೇ 4 ಸೆಸ್ ಸೇರಿ 78,780. ವರ್ಷವಿಡೀ ಏನೂ ಕಟ್ಟದೆ ಜುಲೈನಲ್ಲಿ ರಿಟರ್ನ್ ಸಲ್ಲಿಸುವಾಗ ಕಟ್ಟಿದರೆ 234ಬಿ (ಅಡ್ವಾನ್ಸ್ ಟ್ಯಾಕ್ಸ್ ಕಟ್ಟದ್ದಕ್ಕೆ) ಮತ್ತು 234ಸಿ (ಕಂತು ತಪ್ಪಿದ್ದಕ್ಕೆ) ಬಡ್ಡಿ ಸೇರಿ ಇನ್ನೂ ಸುಮಾರು 7,100 ರೂಪಾಯಿ ದಂಡ.

ಈಗ ಫಾರ್ಮ್ 12ಬಿ. ಸೆಕ್ಷನ್ 192(2) ಪ್ರಕಾರ ನಿಮಗೆ ಬೇಕಾದ ಒಬ್ಬ ಉದ್ಯೋಗದಾತರನ್ನು ಆರಿಸಿ, ಇನ್ನೊಬ್ಬರ ಹೆಸರು, ಪ್ಯಾನ್, ಟ್ಯಾನ್ (ಟಿಡಿಎಸ್ ಹಿಡಿಯುವವರ ನಂಬರು), ಕೊಟ್ಟ ಸಂಬಳ, ಹಿಡಿದ ತೆರಿಗೆ ಬರೆದುಕೊಡಬಹುದು. ಕೊಡಲೇಬೇಕೆಂದಿಲ್ಲ. ಕೊಟ್ಟರೆ ಮಾತ್ರ ಅವರು ಒಟ್ಟು ಸಂಬಳದ ಮೇಲೆ ಟಿಡಿಎಸ್ ಹಿಡಿಯಲೇಬೇಕು. ನಮ್ಮ ಉದಾಹರಣೆಯಲ್ಲಿ ಏಪ್ರಿಲ್‌ನಲ್ಲೇ ಕೊಟ್ಟಿದ್ದರೆ ಮೊದಲ ಕಂಪನಿ ತಿಂಗಳಿಗೆ 6,565 ಮುರಿದುಕೊಳ್ಳುತ್ತದೆ. ಬಡ್ಡಿಯೂ ಇಲ್ಲ, ತಾರೀಖು ನೆನಪಿಡುವ ಗೋಜೂ ಇಲ್ಲ.

ಕಿರಿಕಿರಿ ಶುರುವಾಗುವುದು ಎಚ್‌ಆರ್ ಪೋರ್ಟಲ್ ತೆರೆದಾಗ. ಬಹುತೇಕ ಪೇರೋಲ್‌ಗಳಲ್ಲಿ 12ಬಿ ಪುಟದ ತಲೆಬರಹವೇ ‘ಹಿಂದಿನ ಉದ್ಯೋಗದಾತ’. ವರ್ಷದ ನಡುವೆ ಕೆಲಸ ಬದಲಿಸಿದವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು ಅದು. ಸೇರಿದ ದಿನಾಂಕ ಕೇಳುತ್ತದೆ, ಬಿಟ್ಟ ದಿನಾಂಕವನ್ನೂ ಕೇಳುತ್ತದೆ. ಎರಡೂ ಕೆಲಸ ನಡೆಯುತ್ತಲೇ ಇದ್ದರೆ ಬಿಟ್ಟ ದಿನಾಂಕ ಎಲ್ಲಿಂದ ತರುವುದು? ಖಾಲಿ ಬಿಟ್ಟರೆ ಪುಟ ಸೇವ್ ಆಗುವುದಿಲ್ಲ. ಹಿಂದಿನ ತಿಂಗಳ ಕೊನೆಯ ದಿನ ಹಾಕಿ ಮುಗಿಸಿದರೆ ಸಾಫ್ಟ್‌ವೇರು ಅಲ್ಲಿಯವರೆಗಿನ ಸಂಬಳವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡು ಮುಂದಿನ ತಿಂಗಳುಗಳನ್ನು ಮರೆಯುತ್ತದೆ. ಮಾರ್ಚ್ 31 ಹಾಕಿ ಇಡೀ ವರ್ಷದ ಅಂದಾಜು ಬರೆದರೆ ಮುಂದಿನ ದಿನಾಂಕ ಒಪ್ಪುವುದಿಲ್ಲವೆಂದು ವಾಪಸ್ ಬರುತ್ತದೆ. ಕೊನೆಗೆ ಕಾಗದದ 12ಬಿಗೆ ಸಹಿ ಹಾಕಿ ಅಕೌಂಟ್ಸ್‌ನವರಿಗೆ ಮೇಲ್ ಮಾಡಿ, ‘ಇದು ಚಾಲ್ತಿಯಲ್ಲಿರುವ ಇನ್ನೊಂದು ಕೆಲಸ, ವಾರ್ಷಿಕ ಅಂದಾಜು ಇಷ್ಟು’ ಎಂದು ಬರೆದು, ಅವರ ಕೈಯಿಂದಲೇ ನಮೂದು ಮಾಡಿಸಬೇಕು.

ಅಷ್ಟಾದರೂ ಆ ಅಂಕಿ ಕೊಟ್ಟ ದಿನಕ್ಕೇ ನಿಂತುಬಿಡುತ್ತದೆ. ಪಾರ್ಟ್‌ಟೈಮ್ ಸಂಬಳ ಗಂಟೆಗಳ ಮೇಲೆ ಏರಿಳಿಯುವಂಥದ್ದು. ಒಂದು ತಿಂಗಳು 42,000, ಇನ್ನೊಂದು ತಿಂಗಳು 58,000. ಪ್ರತಿ ಬದಲಾವಣೆಗೂ ಹೊಸ 12ಬಿ ಕೊಡಬೇಕು. ತಡವಾಗಿ ಕೊಟ್ಟರಂತೂ ಬಾಕಿಯೆಲ್ಲ ಉಳಿದ ತಿಂಗಳುಗಳ ಮೇಲೆ ಬೀಳುತ್ತದೆ. ಜನವರಿಯಲ್ಲಿ ಕೊಟ್ಟರೆ 65,000 ಸಂಬಳದಲ್ಲಿ ತಿಂಗಳಿಗೆ 26,260 ಹಾರಿಹೋಗುತ್ತದೆ.

ಜೂನ್‌ನಲ್ಲಿ ಫಾರ್ಮ್ 16 (ಕಂಪನಿ ಕೊಡುವ ಸಂಬಳ ಮತ್ತು ಟಿಡಿಎಸ್ ಪ್ರಮಾಣಪತ್ರ) ಬಂದಾಗ ಇನ್ನೊಂದು ಬಲೆ. ಭಾಗ ಬಿಯ 1(ಇ) ಸಾಲನ್ನು ಹುಡುಕಿ. ಇತರ ಉದ್ಯೋಗದಾತರಿಂದ ಬಂದ ಸಂಬಳವೆಂದು ನೀವು ತಿಳಿಸಿದ ಮೊತ್ತ ಅಲ್ಲಿರಬೇಕು. ಖಾಲಿ ಇದ್ದರೆ ನಿಮ್ಮ 12ಬಿ ಲೆಕ್ಕಕ್ಕೆ ಬಂದೇ ಇಲ್ಲ. ತುಂಬಿದ್ದರೆ ಈ ಫಾರ್ಮ್ 16ರಲ್ಲಿ ಎರಡೂ ಸಂಬಳ ಸೇರಿವೆ ಎಂದರ್ಥ. ಎರಡನೇ ಕಂಪನಿಯೂ ತನ್ನ ಫಾರ್ಮ್ 16 ಕೊಟ್ಟಿದ್ದರೆ, ಎರಡರ ಒಟ್ಟನ್ನು ಕೂಡಿಸಿದವರಿಗೆ ಆ 6,00,000 ಎರಡು ಸಲ ಬಂದು ಆದಾಯ 19,80,000 ಆಗುತ್ತದೆ. ರಿಟರ್ನ್ ಫಾರ್ಮ್ ಐಟಿಆರ್-1ರಲ್ಲಿ ಇಬ್ಬರ ಸಂಬಳವನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಿ ಕೂಡಿಸಿ, ಸ್ಟ್ಯಾಂಡರ್ಡ್ ಡಿಡಕ್ಷನ್ ಒಂದೇ ಸಲ ಕಳೆಯಿರಿ. ಇಲಾಖೆಯ ಬಳಿಯಿರುವ ನಿಮ್ಮ ತೆರಿಗೆ, ಆದಾಯದ ಪಟ್ಟಿಗಳಾದ ಫಾರ್ಮ್ 26ಎಎಸ್ ಮತ್ತು ಎಐಎಸ್ ಜೊತೆ ತಾಳೆ ನೋಡದೆ ಸಲ್ಲಿಸಬೇಡಿ.

ಇನ್ನೊಂದು ಕಡೆ ಎಷ್ಟು ಸಿಗುತ್ತದೆ ಎಂಬುದು ಮೊದಲ ಕಡೆಯ ಎಚ್‌ಆರ್‌ಗೆ ಗೊತ್ತಾಗುವುದು ಬೇರೆ ಮಾತು. ಬೇರೆ ಕೆಲಸ ಮಾಡಬಾರದೆಂಬ ಷರತ್ತು ನೇಮಕಾತಿ ಪತ್ರದಲ್ಲಿದೆಯೇ, ಮೊದಲು ಓದಿಕೊಳ್ಳಿ.

ಅಡ್ವಾನ್ಸ್ ಟ್ಯಾಕ್ಸ್ ಹಾಗಲ್ಲ, ಒಟ್ಟು ಎಷ್ಟೆಂದು ಗೊತ್ತಿರುವವರ ಕೈಯಲ್ಲೇ ಕೀಲಿ ಇರುತ್ತದೆ. ಟಿಡಿಎಸ್ ಕಳೆದು ವರ್ಷದ ಬಾಕಿ 10,000 ಅಥವಾ ಹೆಚ್ಚಿದ್ದರೆ ನಾಲ್ಕು ಕಂತು: ಜೂನ್ 15ಕ್ಕೆ ಶೇ 15, ಸೆಪ್ಟೆಂಬರ್ 15ಕ್ಕೆ ಒಟ್ಟು ಶೇ 45, ಡಿಸೆಂಬರ್ 15ಕ್ಕೆ ಶೇ 75, ಮಾರ್ಚ್ 15ಕ್ಕೆ ಪೂರ್ತಿ. ನಮ್ಮ ಲೆಕ್ಕಕ್ಕೆ ಕ್ರಮವಾಗಿ 11,817, 35,451, 59,085, 78,780. ಇವು ಆ ದಿನದೊಳಗೆ ಕಟ್ಟಿರಬೇಕಾದ ಒಟ್ಟು ಮೊತ್ತಗಳು, ಆ ಕಂತಿನ ಮೊತ್ತಗಳಲ್ಲ. ಅಂದಾಜು ಸ್ವಲ್ಪ ತಪ್ಪಿದರೂ ಕಾನೂನು ಉಸಿರಾಡಲು ಬಿಡುತ್ತದೆ. ಜೂನ್‌ನಲ್ಲಿ ಶೇ 12, ಸೆಪ್ಟೆಂಬರ್‌ನಲ್ಲಿ ಶೇ 36 ತಲುಪಿದ್ದರೆ ಆ ಎರಡು ಕಂತಿಗೆ 234ಸಿ ಬಡ್ಡಿ ಇಲ್ಲ.

ಕಟ್ಟುವುದು ಇಲಾಖೆಯ ಪೋರ್ಟಲ್‌ನ ಇ-ಪೇ ಟ್ಯಾಕ್ಸ್‌ನಲ್ಲಿ. ಅಸೆಸ್‌ಮೆಂಟ್ ವರ್ಷ (ಆದಾಯ ಬಂದ ವರ್ಷದ ಮುಂದಿನದು) 2026-27, ಮೇಜರ್ ಹೆಡ್ 0021, ಮೈನರ್ ಹೆಡ್ 100. ಜನ ಎಡವುವುದು ಎರಡೇ ಕಡೆ: ಹಣಕಾಸು ವರ್ಷವನ್ನೇ ಅಸೆಸ್‌ಮೆಂಟ್ ವರ್ಷವೆಂದು ಆರಿಸುವುದು, 100ರ ಬದಲು 300 ಒತ್ತುವುದು. 300 ಎಂದರೆ ಸೆಲ್ಫ್ ಅಸೆಸ್‌ಮೆಂಟ್, ವರ್ಷ ಮುಗಿದಮೇಲೆ ಕಟ್ಟುವ ಬಾಕಿಗೆ. ತಪ್ಪಾದರೆ ಪೋರ್ಟಲ್‌ನಲ್ಲೇ ಚಲನ್ ತಿದ್ದುಪಡಿ ಇದೆ, ಆದರೆ ಅದಕ್ಕೆ ದಿನಗಳ ಮಿತಿಯಿದೆ, ತಡಮಾಡಬೇಡಿ.

ಈ ದಾರಿ ನನಗೆ ಹಿಡಿಸಲು ನಿಜವಾದ ಕಾರಣ 12.75 ಲಕ್ಷದ ಗಡಿ. ಎರಡೂ ಸಂಬಳ ಸೇರಿ 12,75,000 ದಾಟದಿದ್ದರೆ, ಬೇರೆ ಆದಾಯ ಇಲ್ಲದವರಿಗೆ ತೆರಿಗೆಯೇ ಇಲ್ಲ. ದಾಟಿದ ಕೂಡಲೇ ಮಾರ್ಜಿನಲ್ ರಿಲೀಫ್: ತೆರಿಗೆ, ದಾಟಿದ ಮೊತ್ತವನ್ನು ಮೀರಬಾರದು. ಕೇಳಲು ಉದಾರವಾಗಿದೆ. ಒಟ್ಟು 13,00,000 ಆದರೆ ಮೇಲಿನ 25,000 ಪೂರ್ತಿ ತೆರಿಗೆಗೆ, ಜೊತೆಗೆ 1,000 ಸೆಸ್. ಸುಮಾರು 13,45,600ರವರೆಗೂ ಇದೇ ಕಥೆ, ಹೆಚ್ಚುವರಿ ದುಡಿಮೆಯ ಒಂದು ಪೈಸೆಯೂ ಕೈಗೆ ಬರುವುದಿಲ್ಲ. ಗಂಟೆ ಲೆಕ್ಕದಲ್ಲಿ ದುಡಿಯುವವರು ಡಿಸೆಂಬರ್ ಕಂತಿಗೆ ಒಟ್ಟು ಕೂಡಿಸುವಾಗಲೇ ಇದು ಕಣ್ಣಿಗೆ ಬೀಳುತ್ತದೆ, ಜನವರಿಯಿಂದ ಎಷ್ಟು ಗಂಟೆ ಒಪ್ಪಿಕೊಳ್ಳಬೇಕೆಂದು ಆಗ ನಿರ್ಧರಿಸಬಹುದು. 12ಬಿ ಕೊಟ್ಟು ಮರೆತವರಿಗೆ ಇದು ಗೊತ್ತಾಗುವುದು ಜೂನ್‌ನಲ್ಲಿ. ಮಾರ್ಚ್ ಸಂಬಳವನ್ನು ಏಪ್ರಿಲ್‌ನಲ್ಲಿ ಕೊಡಿ ಎಂದು ಕೇಳಿ ಪ್ರಯೋಜನವಿಲ್ಲ, ಸಂಬಳ ಸಲ್ಲಬೇಕಾದ ದಿನಕ್ಕೇ ಆದಾಯ.

194ಜೆ ದಾರಿ ನೋಡಲು ಎಲ್ಲಕ್ಕಿಂತ ಅಗ್ಗ. ಎರಡನೇ ಕಂಪನಿ 6,00,000ದಲ್ಲಿ ಶೇ 10, ಅಂದರೆ 60,000 ಹಿಡಿಯುತ್ತದೆ. ನಿಮ್ಮದು 44ಎಡಿಎ ಪಟ್ಟಿಯ ವೃತ್ತಿಯಾದರೆ ಅರ್ಧವನ್ನಷ್ಟೇ ಆದಾಯವೆಂದು ತೋರಿಸಬಹುದು. ಮೊದಲ ಸಂಬಳದಲ್ಲಿ 75,000 ಕಳೆದು ಉಳಿದ 7,05,000ಕ್ಕೆ 3,00,000 ಸೇರಿ 10,05,000, ತೆರಿಗೆ ಸೊನ್ನೆ, 60,000 ರಿಫಂಡ್. ಆದರೆ ಪಟ್ಟಿಯಲ್ಲಿರುವುದು ವಕೀಲಿ, ವೈದ್ಯಕೀಯ, ಎಂಜಿನಿಯರಿಂಗ್, ಲೆಕ್ಕಪತ್ರ, ತಾಂತ್ರಿಕ ಸಲಹೆಯಂಥವು. ಪಾಠ ಹೇಳುವುದು ಅದರಲ್ಲಿಲ್ಲ. ಹಾಜರಿ, ರಜೆ, ನಿಗದಿತ ವೇಳೆ, ಮೇಲಧಿಕಾರಿ ಎಲ್ಲ ಇದ್ದು ಬಿಲ್ ಮಾತ್ರ ಶುಲ್ಕವೆಂದು ಬರೆದರೆ ಅದು ಸಂಬಳವೇ, ಪ್ರಶ್ನೆ ಬಂದರೆ ಉತ್ತರಿಸಬೇಕಾದವರು ನೀವು. ಪಿಎಫ್, ಗ್ರಾಚ್ಯುಯಿಟಿಯೂ ಹೋಗುತ್ತದೆ. ನಿಜವಾಗಿಯೂ ಸ್ವತಂತ್ರವಾಗಿ ಕೆಲಸ ಮಾಡುವವರಿಗೆ ಮಾತ್ರ ಸರಿ.

ವೃತ್ತಿ ತೆರಿಗೆ ಎರಡೂ ಕಡೆ ಹಿಡಿಯುತ್ತಿದ್ದರೆ ಒಂದು ಕಡೆ ಬರೆದುಕೊಟ್ಟು ನಿಲ್ಲಿಸಿ. ಒಂದು ರಾಜ್ಯ ಒಬ್ಬರಿಂದ ವರ್ಷಕ್ಕೆ 2,500 ರೂಪಾಯಿಗಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ.

ಎರಡೂ ಸಂಬಳ ತಿಂಗಳಿಂದ ತಿಂಗಳಿಗೆ ಬದಲಾಗದಿದ್ದರೆ, ಕೈಗೆ ಬಂದ ದುಡ್ಡು ಉಳಿಯದ ಸ್ವಭಾವ ನಿಮ್ಮದಾದರೆ, 12ಬಿಯೇ ಒಳ್ಳೆಯದು, ಏಪ್ರಿಲ್‌ನಲ್ಲೇ ಕೊಡಿ. ಉಳಿದವರಿಗೆ ಅಡ್ವಾನ್ಸ್ ಟ್ಯಾಕ್ಸ್. ಎರಡನೇ ಸಂಬಳ ಬಂದ ದಿನವೇ ಅದರ ಶೇ 13ರಿಂದ 14ರಷ್ಟನ್ನು ಬೇರೆ ಖಾತೆಗೆ ಹಾಕಿದರೆ ನಮ್ಮ ಉದಾಹರಣೆಯ 78,780 ತಾನಾಗಿ ಕೂಡುತ್ತದೆ. ಮಾರ್ಚ್ 15 ಕಳೆದಮೇಲೆ ಎರಡನೇ ಕಡೆ ಬೋನಸ್ ಬಂದರೆ ಮಾರ್ಚ್ 31ರೊಳಗೆ ಅದರ ತೆರಿಗೆಯನ್ನೂ ಮೈನರ್ ಹೆಡ್ 100ರಲ್ಲೇ ಕಟ್ಟಿಬಿಡಿ. ಅದೂ ಅಡ್ವಾನ್ಸ್ ಟ್ಯಾಕ್ಸ್ ಎಂದೇ ಲೆಕ್ಕ, ಏಪ್ರಿಲ್‌ನಿಂದ ಓಡುವ 234ಬಿ ಬಡ್ಡಿ ತಪ್ಪುತ್ತದೆ.